ಟ್ರ್ಯಾಕ್ಟರ್ ಇಳಿಯದ ಪಡಕ್ಕೆ ಬ್ಯಾಟರಿ ಸ್ಪ್ರೇಯರ್

ಹೋದ ವರ್ಷ ಮೇ ತಿಂಗಳಲ್ಲಿ ತಂದ ಸ್ಪ್ರೇಯರ್ ಬಗ್ಗೆ ಈಗ ಮಾರ್ಚ್‌ನಲ್ಲಿ ಬರೆಯುತ್ತಿದ್ದೇನೆ. ತಡ ಆಯಿತು, ಗೊತ್ತು. ಆದರೆ ದ್ರಾಕ್ಷಿಯವರು ಮೇ ತಿಂಗಳಲ್ಲಿ ಮಾಡಿದ ಕೆಲಸದ ಫಲ ಕಣ್ಣಿಗೆ ಕಾಣುವುದು ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ. ತಂದ ವಾರಕ್ಕೇ "ಸೂಪರ್ ಇದೆ, ಐದು ಸ್ಟಾರ್" ಅಂತ ಬರೆಯುವವರನ್ನು ಕಂಡರೆ ನನಗೆ ನಗು. ಅವರಲ್ಲಿ ಅರ್ಧ ಜನ ಡಬ್ಬಿ ಬಿಚ್ಚಿ, ಬರೀ ನೀರು ಹಾಕಿ, ಅಂಗಳದ ತುಳಸಿಗೆ ಹೊಡೆದು ನೋಡಿರುತ್ತಾರೆ ಅಷ್ಟೇ.

ವಸ್ತು ಇದು: ಬೆನ್ನಿಗೆ ಹಾಕಿಕೊಳ್ಳುವ 16 ಲೀಟರ್ ಟ್ಯಾಂಕ್, ಕೆಳಗೆ 12 ವೋಲ್ಟ್ 12 ಆಂಪಿಯರ್-ಅವರ್ ಬ್ಯಾಟರಿ, ಡಬಲ್ ಮೋಟರ್. ವಿಜಯಪುರದ ಅಂಗಡಿಯಲ್ಲಿ 4,200 ರೂಪಾಯಿ ಕೊಟ್ಟೆ. ಕಂಪನಿ ಹೆಸರು ಬರೆಯುವುದಿಲ್ಲ. ಬೈಯುವುದು ಸ್ವಲ್ಪ ಇದೆ, ಸುಮ್ನೆ ಯಾಕೆ. ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ನಾಲ್ಕೈದು ಹೆಸರಿನ ಸ್ಪ್ರೇಯರ್‌ಗಳಲ್ಲಿ ಬಣ್ಣ, ಸ್ಟಿಕ್ಕರ್ ಬಿಟ್ಟರೆ ನನಗಂತೂ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಾನು ಹೇಳುವುದು ಈ ಜಾತಿಯ ಸ್ಪ್ರೇಯರ್‌ಗೆಲ್ಲ ಹೆಚ್ಚು ಕಡಿಮೆ ಹೊಂದುತ್ತದೆ.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ, ಮೂರು ಎಕರೆ ದ್ರಾಕ್ಷಿ ಪಡ, ಅಂದರೆ ತೋಟ. ಎರಡು ಎಕರೆ ಮಡ್ಡಿ ಮೇಲೆ, ಅಂದರೆ ನೀರು ಬೇಗ ಬಸಿಯುವ ಗರಸು ನೆಲದಲ್ಲಿ, ಥಾಂಪ್ಸನ್ ತಳಿ. ಒಂದು ಎಕರೆ ತಗ್ಗಿನಲ್ಲಿ ಎರೆ ಭೂಮಿ, ಅಂಟುವ ಕಪ್ಪು ಮಣ್ಣು, ಅಲ್ಲಿ ಮಾಣಿಕ್ ಚಮನ್ ತಳಿ. ಎಲ್ಲ ವಾಯ್ ಆಂಗಲ್, ಅಂದರೆ Y ಆಕಾರದ ಚಪ್ಪರದ ಮೇಲೆ ಹಬ್ಬಿಸಿದ್ದು, ಎಲ್ಲ ಮನೂಕಕ್ಕೆ (ಒಣದ್ರಾಕ್ಷಿಗೆ) ಹೋಗುವಂಥದ್ದು. ಟ್ರ್ಯಾಕ್ಟರ್ ಇದೆ, ಅದಕ್ಕೆ ಜೋಡಿಸಿ ಗಾಳಿಯಿಂದ ಔಷಧ ಹೊಡೆಯುವ ಬ್ಲೋವರ್ ಇದೆ. ಬ್ಲೋವರ್ ಇದ್ದವರಿಗೆ ಬೆನ್ನಿಗೆ ಹಾಕುವ ಪಂಪ್ ಯಾಕೆ ಬೇಕಾಯಿತು ಅಂತ ಕೇಳಬಹುದು. ಅಂಗಡಿಯವನೂ ಅದನ್ನೇ ಕೇಳಿದ. ಕಾರಣ ಎರೆ ಮಣ್ಣು. ಮಡ್ಡಿಯಲ್ಲಿ ರಾತ್ರಿ ಮಳೆ ಬಂದರೂ ಬೆಳಿಗ್ಗೆ ಹತ್ತಕ್ಕೆ ಟ್ರ್ಯಾಕ್ಟರ್ ಇಳಿಸಬಹುದು. ಎರೆಯಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ನಾಲ್ಕು ದಿನ ಮನುಷ್ಯನ ಕಾಲೇ ಎತ್ತಲು ಬರುವುದಿಲ್ಲ, ಟ್ರ್ಯಾಕ್ಟರ್ ಮಾತು ದೂರ.

ದ್ರಾಕ್ಷಿ ಬೆಳೆಯದವರಿಗೆ ಒಂದೆರಡು ಮಾತು. ನಮ್ಮ ಕಡೆ ವರ್ಷಕ್ಕೆ ಎರಡು ಚಾಟ್ನಿ, ಬೆಳೆ ಒಂದೇ. ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಏಪ್ರಿಲ್ ಚಾಟ್ನಿ ಕಡ್ಡಿಗೆ. ಏಪ್ರಿಲ್‌ನಲ್ಲಿ ಬಳ್ಳಿಯನ್ನು ಪೂರಾ ಕತ್ತರಿಸಿ ಬೋಳು ಮಾಡುತ್ತೇವೆ, ಹೊಸ ಕುಡಿ ಬರುತ್ತದೆ, ಆ ಕುಡಿಯೇ ಬಲಿತು ಕಡ್ಡಿ ಆಗುತ್ತದೆ. ಮುಂದಿನ ಗೊನೆ ಇರುವುದು ಆ ಕಡ್ಡಿಯ ಕಣ್ಣಿನಲ್ಲಿ, ಅಂದರೆ ಮೊಗ್ಗಿನಲ್ಲಿ. ಚಾಟ್ನಿ ಆಗಿ 40ರಿಂದ 60ನೇ ದಿನದೊಳಗೆ ಕಣ್ಣಿನೊಳಗೆ ಗೊನೆ ಆಗಬೇಕೋ ಬರೀ ಬಳ್ಳಿ ಆಗಬೇಕೋ ಅನ್ನುವುದು ತೀರ್ಮಾನ ಆಗಿಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆ ದಿನಗಳಲ್ಲಿ ಬಿಸಿಲು ಬೇಕು. ಬೆಂಕಿಯಂಥ ಬಿಸಿಲು. ವಿಜಯಪುರದಲ್ಲಿ ಮೇ ತಿಂಗಳಿಗೆ ಬಿಸಿಲಿಗೇನು ಬರ ಅಂತ ನೀವು ಅನ್ನಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು.

2025ರಲ್ಲಿ ಏಪ್ರಿಲ್ 10ಕ್ಕೆ ನಮ್ಮ ಚಾಟ್ನಿ ಆಯಿತು. ಮೇ ಎರಡನೇ ವಾರದಿಂದ ಸಂಜೆ ಆದರೆ ಗುಡುಗು. ಕೃತ್ತಿಕಾ ಮಳೆ ಒಂದು ದಿನ ಬಂದು ಹೋಗುವುದು ಸರಿ, ಇದು ದಿನಾ ಬರಲು ಶುರುವಾಯಿತು. ಮೇ 24ಕ್ಕೆ ಮುಂಗಾರು ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. 26ಕ್ಕೆಲ್ಲ ಸೊಲ್ಲಾಪುರ, ಕಲಬುರಗಿಗೂ ಬಂದುಬಿಟ್ಟಿತು. ನಮ್ಮ ಚಾಟ್ನಿಗೆ ಅವತ್ತು 46ನೇ ದಿನ. ಸರಿಯಾಗಿ ಬಿಸಿಲು ಬೇಕಾದ ಹೊತ್ತಿಗೆ ಮೋಡ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆ ಇದೆಯಲ್ಲ, ಆ ಗಾದೆ ಕಟ್ಟಿದವರ ಹೊಲದಲ್ಲಿ ದ್ರಾಕ್ಷಿ ಇರಲಿಲ್ಲ.

ಮೊದಲ ದೊಡ್ಡ ಮಳೆ ಆದ ಮರುದಿನ ನಮ್ಮವರು ತಗ್ಗಿನ ಪಡಕ್ಕೆ ಟ್ರ್ಯಾಕ್ಟರ್ ಇಳಿಸಲು ಹೊರಟರು. ಮಾವನವರು ಕಟ್ಟೆ ಮೇಲೆ ಕೂತಲ್ಲಿಂದಲೇ, "ಎರಿ ಹೊಲದಾಗ ಗಾಡಿ ಇಳಸಬ್ಯಾಡೋ, ಹುಗದ್ರ ರೋಹಿಣಿ ಮಳಿ ಮುಗಿಯೂತನಕ ಅದು ಅಲ್ಲೇ" ಅಂದರು. ಇವರು ಕೇಳಲಿಲ್ಲ. ಎರಡನೇ ಸಾಲಿನಲ್ಲೇ ಹಿಂದಿನ ಗಾಲಿ ಅರ್ಧ ಹುಗಿಯಿತು. ಬ್ಲೋವರ್ ಟ್ಯಾಂಕ್‌ನ ಔಷಧ ನೀರನ್ನೆಲ್ಲ ಚೆಲ್ಲಿ, ಪಕ್ಕದ ತೋಟದವರ ಟ್ರ್ಯಾಕ್ಟರ್ ದಂಡೆಯಲ್ಲಿ ನಿಲ್ಲಿಸಿ, ಸರಪಳಿ ಹಾಕಿ ಎಳೆಸುವಷ್ಟರಲ್ಲಿ ಮಧ್ಯಾಹ್ನ. ಸಾಲಿನ ನಡುವೆ ಎರಡು ಕಾಲುವೆ ತೋಡಿದ ಹಾಗೆ ಆಗಿತ್ತು. ಅವು ಈಗಲೂ ಇವೆ.

ಐದು ದಿನ ಆ ಪಡಕ್ಕೆ ಏನೂ ಹೊಡೆಯಲಿಲ್ಲ. ಆರನೇ ದಿನ ಬೆಳಿಗ್ಗೆ ಬಗಲಿನ ಕುಡಿ ತೆಗೆಸಲು ಹೆಣ್ಣಾಳುಗಳ ಜೊತೆ ಹೋಗಿದ್ದೆ. ಬಾವಿ ಕಡೆಯ ನಾಲ್ಕನೇ ಸಾಲಿನಲ್ಲಿ ಒಂದು ಎಲೆ ಮೇಲೆ ಎಣ್ಣೆ ಬಿದ್ದ ಹಾಗೆ ಹಳದಿ ಮಚ್ಚೆ. ಬಜ್ಜಿ ಕಟ್ಟಿಕೊಟ್ಟ ಕಾಗದದ ಮೇಲೆ ಆಗುತ್ತಲ್ಲ, ಅದೇ ಥರ, ಬೆಳಕಿಗೆ ಹಿಡಿದರೆ ಆಚೆ ಕಡೆ ಮಸುಕಾಗಿ ಕಾಣುತ್ತಿತ್ತು. ಎಲೆ ತಿರುಗಿಸಿದೆ. ಕೆಳಗೆ ಏನೂ ಇಲ್ಲ. ಡೌನಿ, ಅಂದರೆ ಎಲೆಗೆ ಬೂಷ್ಟು ಹಿಡಿಯುವ ರೋಗ, ಹೌದೋ ಅಲ್ಲವೋ ಅನುಮಾನ. ಮೂರು ಎಲೆ ಕಿತ್ತು ತಂದು, ಒದ್ದೆ ಬಟ್ಟೆಯ ಜೊತೆ ಟಿಫಿನ್ ಡಬ್ಬಿಯಲ್ಲಿ ಮುಚ್ಚಿ, ಅಡುಗೆ ಮನೆಯ ಮೂಲೆಯಲ್ಲಿ ಇಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಮಚ್ಚೆ ಇದ್ದ ಕಡೆಯೇ ಎಲೆಯ ಕೆಳಗೆ ಬಿಳಿ ಬೂಷ್ಟು, ಸಕ್ಕರೆ ಪುಡಿ ಉದುರಿಸಿದಂತೆ. ಬೆರಳಿಂದ ಒರೆಸಿದರೆ ಹೋಯಿತು. ಮೂರಕ್ಕೆ ಮೂರೂ ಎಲೆ ಹಾಗೇ. ಭೂರಿ ರೋಗ ಎಲೆಯ ಮೇಲೆ ಬೂದಿಯಾಗಿ ಬರುತ್ತದೆ, ಇದು ಕೆಳಗೆ ಬರುತ್ತದೆ. ಇನ್ನು ಅನುಮಾನ ಉಳಿಯಲಿಲ್ಲ. ಅವತ್ತೇ ಹನ್ನೊಂದರ ಬಸ್ಸಿಗೆ ವಿಜಯಪುರಕ್ಕೆ ಹೋಗಿ ಸ್ಪ್ರೇಯರ್ ತಂದೆ.

ಈಗ ವಸ್ತುವಿನ ಮಾತು.

ಭಾರ. ಖಾಲಿ ಟ್ಯಾಂಕ್, ಬ್ಯಾಟರಿ ಸೇರಿ ನಮ್ಮ ತೂಕದ ಕಾಟಾ ಮೇಲೆ 7 ಕೆಜಿ ಚಿಲ್ಲರೆ ಬಂತು. 16 ಲೀಟರ್ ನೀರು ತುಂಬಿದರೆ 23 ಕೆಜಿ. ಗಟ್ಟಿ ನೆಲದಲ್ಲಿ ಇದೇನು ದೊಡ್ಡದಲ್ಲ, ಇದಕ್ಕಿಂತ ಭಾರದ ಜೋಳದ ಚೀಲ ಹೊತ್ತಿದ್ದೇನೆ. ಆದರೆ ಹಸಿ ಎರೆಯಲ್ಲಿ ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಎರಡು ಕೆಜಿ ಮಣ್ಣು ಮೆತ್ತಿಕೊಳ್ಳುತ್ತದೆ. ಮೊದಲ ಟ್ಯಾಂಕ್ ಪೂರ್ತಿ ತುಂಬಿಕೊಂಡು ಹೋದವಳು ಅರ್ಧ ಸಾಲಿಗೆ ಕಂಬ ಹಿಡಿದುಕೊಂಡು ನಿಂತೆ. ಆಮೇಲೆ 12 ಲೀಟರ್ ಮಾತ್ರ ತುಂಬಿದೆ. ಟ್ಯಾಂಕ್ ಮೇಲೆ ಅಳತೆ ಗೆರೆಗಳಿವೆ, ಹೊರಗಿನಿಂದ ನೀರು ಕಾಣುತ್ತದೆ. ಇದು ಒಳ್ಳೆಯದು. ಚಪ್ಪಲಿ, ಬೂಟು ಎರಡೂ ಬಿಟ್ಟು, ಹಳೆಯ ಕಾಲುಚೀಲ ಹಾಕಿ ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆ. ನೋಡಲು ಚೆನ್ನಾಗಿರಲಿಲ್ಲ, ಮಣ್ಣು ಕಡಿಮೆ ಹತ್ತಿತು.

ಬೆಲ್ಟ್. ಇದರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಬೆಲ್ಟ್ ಮಾಡಿದವರು ಆರಡಿ ಗಂಡಸಿನ ಹೆಗಲು ನೋಡಿ ಮಾಡಿದ್ದಾರೆ. ನಾನು ಐದಡಿ ಒಂದು ಇಂಚು. ಪೂರ್ತಿ ಬಿಗಿ ಮಾಡಿದರೂ ಟ್ಯಾಂಕ್ ಬೆನ್ನಿನ ಕೆಳಗೆ, ಸೊಂಟದ ಹತ್ತಿರ ಜೋತು ಬೀಳುತ್ತದೆ. ಪ್ರತಿ ಹೆಜ್ಜೆಗೂ ಬ್ಯಾಟರಿ ಮೂಲೆ ಸೊಂಟಕ್ಕೆ ಬಡಿಯುತ್ತದೆ. ಬೆಲ್ಟ್‌ನ ಮೆತ್ತನೆ ಪಟ್ಟಿ ತೆಳ್ಳಗಿನ ಸ್ಪಂಜು, ಎರಡನೇ ದಿನಕ್ಕೆ ಚಪ್ಪಟೆ. ಒಂಬತ್ತನೇ ದಿನ ಎಡಗಡೆ ಹೊಲಿಗೆ ಬಿಚ್ಚಿತು, ಸಾಲಿನ ನಡುವೆ, ತುಂಬಿದ ಟ್ಯಾಂಕ್ ಒಂದೇ ಹೆಗಲ ಮೇಲೆ ಜಾರಿತು. ಕೂತುಬಿಟ್ಟೆ ಅದಕ್ಕೆ ಸರಿಹೋಯಿತು. ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರಿಂದ ಮೇಣದ ದಾರದಲ್ಲಿ ಹೊಲಿಸಿ, ಎರಡು ಕಡೆ ಹೊಸ ತೂತು ಹಾಕಿಸಿ ಬೆಲ್ಟ್ ಗಿಡ್ಡ ಮಾಡಿಸಿದೆ. 40 ರೂಪಾಯಿ. ಅವ್ವ ಹೊಲಿದ ಹಳೇ ಕೌದಿಯ ಅಂಚು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಹೆಗಲ ಪಟ್ಟಿ ಹೊಲಿದೆ. ಆಮೇಲೆ ಹೆಗಲು ನೋಯಲಿಲ್ಲ. 4,200ರ ವಸ್ತುವಿಗೆ ಕೌದಿ ತುಂಡು ಹಾಕಿ ಉಪಯೋಗಿಸುವ ಹಾಗೆ ಮಾಡಬೇಕಾಯಿತು ಅಂದರೆ ಏನು ಹೇಳುವುದು.

ಮೋಟರ್ ಮತ್ತು ಪ್ರೆಶರ್. ಇಲ್ಲಿ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಎರಡು ಮೋಟರ್‌ಗೆ ಎರಡು ಸ್ವಿಚ್. ಎಳೆ ಕುಡಿಗೆ ಒಂದೇ ಮೋಟರ್ ಸಾಕು. ಎರಡೂ ಹಾಕಿದರೆ ಎಳೆ ಎಲೆ ಮಗುಚಿ ಹರಿಯುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಜೂನ್ ಹೊತ್ತಿಗೆ ಎಲೆ ದಟ್ಟ ಆದ ಮೇಲೆ ಎರಡೂ ಹಾಕಿದೆ. ಮಂಜಿನ ಹಾಗೆ ಸಣ್ಣ ಹನಿ ಬರುತ್ತದೆ, ಕೈ ಆಡಿಸುವ ಗೂಟದ ಪಂಪಿನಲ್ಲಿ ಆಗುವ ಹಾಗೆ ಒಮ್ಮೆ ಜೋರು ಒಮ್ಮೆ ನಿಧಾನ ಇಲ್ಲ.

ಇದಕ್ಕಿಂತ ದೊಡ್ಡ ಲಾಭ ನಾನು ಮೊದಲು ಎಣಿಸಿರಲಿಲ್ಲ. ಡೌನಿ ಎಲೆಯೊಳಗೆ ಹೋಗುವುದು ಎಲೆಯ ಕೆಳಗಿನಿಂದ. ಎಲೆ ಉಸಿರಾಡುವ ಸಣ್ಣ ರಂಧ್ರ ಇರುವುದು ಅಲ್ಲಿ. ಬ್ಲೋವರ್ ಗಾಳಿಗೆ ಎಲೆ ಹಾರಾಡಿ ಕೆಳಗೂ ಸ್ವಲ್ಪ ಬೀಳುತ್ತದೆ, ಆದರೆ ವಾಯ್ ಆಂಗಲ್‌ನ ನಡು ಭಾಗದಲ್ಲಿ, ಎಲೆ ಮೇಲೆ ಎಲೆ ಕೂತ ಕಡೆ, ಬರೀ ಮೇಲಿನ ಎಲೆ ಒದ್ದೆ. ಕೈಯಲ್ಲಿ ಗನ್ ಹಿಡಿದು ಬಳ್ಳಿಯ ಕೆಳಗೆ ಹೋಗಿ, ನಳಿಗೆ ಮೇಲೆ ಮಾಡಿ ಹೊಡೆದರೆ ಕೆಳಗಿನ ಭಾಗ ಪೂರ್ತಿ ನೆನೆಯುತ್ತದೆ. ಎಲ್ಲಿ ಬಿದ್ದಿದೆ ಎಲ್ಲಿ ಬಿದ್ದಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಬ್ಲೋವರ್‌ಗೆ ಒಂದು ಎಕರೆ ಅರ್ಧ ಗಂಟೆ ಕೆಲಸ, ನನಗೆ ಐದು ಗಂಟೆ. ಆದರೆ ನನ್ನ ಐದು ಗಂಟೆಯ ಕೆಲಸ ಬ್ಲೋವರ್‌ಗಿಂತ ಚೊಕ್ಕ. ಇದನ್ನು ನಮ್ಮವರು ಒಪ್ಪುವುದಿಲ್ಲ, ಬಿಡಿ.

ಮೇಲಕ್ಕೆ ಹೊಡೆಯುವುದಕ್ಕೆ ಒಂದು ತೊಂದರೆ ಇದೆ. ಔಷಧ ನಳಿಗೆ ಗುಂಟ ಇಳಿದು ಮುಂಗೈ, ಮೊಣಕೈ ದಾಟಿ ಕಂಕುಳ ತನಕ ಹರಿಯುತ್ತದೆ. ಮೊದಲ ದಿನ ರವಿಕೆ ತೋಳು ಪೂರ್ತಿ ನೀಲಿ. ಗನ್‌ನ ಹಿಡಿಕೆಗಿಂತ ಸ್ವಲ್ಪ ಮುಂದೆ ಹಳೇ ಬಟ್ಟೆಯನ್ನು ಉಂಗುರದ ಥರ ಸುತ್ತಿ ಕಟ್ಟಿದೆ. ಇಳಿದ ನೀರು ಅಲ್ಲೇ ನಿಂತು ತೊಟ್ಟಿಕ್ಕುತ್ತದೆ. ಮೇಲೆ ನಮ್ಮವರ ಉದ್ದ ತೋಳಿನ ಅಂಗಿ, ಕನ್ನಡಕ, ಮಾಸ್ಕ್, ತಲೆಗೆ ಪ್ಲಾಸ್ಟಿಕ್ ಟೋಪಿ. ಉಸಿರುಗಟ್ಟುತ್ತದೆ, ನಿಜ. ಆದರೆ ತಲೆ ಮೇಲಿನ ಎಲೆಗೆ ಹೊಡೆಯುವಾಗ ಮುಖಕ್ಕೆ ಬೀಳದೇ ಇರುವುದಿಲ್ಲ. ದಯವಿಟ್ಟು ಮಾಸ್ಕ್, ಕನ್ನಡಕ ಬಿಡಬೇಡಿ.

ಡಬ್ಬಿಯಲ್ಲಿ ಐದು ನೋಝಲ್ ಕೊಟ್ಟಿದ್ದರು. ನನಗೆ ಉಪಯೋಗಕ್ಕೆ ಬಂದದ್ದು ಒಂದೇ, ಛತ್ರಿಯ ಹಾಗೆ ಬಿಚ್ಚಿಕೊಳ್ಳುವ ಹಿತ್ತಾಳೆಯದು. ಉಳಿದವು ಮಗನ ಮೇಜಿನ ಮೇಲೆ ಇವೆ. ಪ್ಲಾಸ್ಟಿಕ್ ನಳಿಗೆ ಹದಿನೈದು ದಿನಕ್ಕೆ ಬಾಗಿತು, ಸ್ಟೀಲಿನದು ಬೇರೆ ತಂದೆ.

ಬೋರ್ಡೋ, ಅಂದರೆ ತುತ್ತ ಸುಣ್ಣದ ದ್ರಾವಣ, ಹಾಕುವವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಸ್ಪ್ರೇಯರ್ ಹಾಳಾದರೆ ಮುಕ್ಕಾಲು ಪಾಲು ಸುಣ್ಣದಿಂದಲೇ ಹಾಳಾಗುತ್ತದೆ. ಶೇಕಡಾ ಒಂದರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಷ್ಟು ಗಟ್ಟಿ ಎಳೆ ಎಲೆಗೆ ತಡೆಯುವುದಿಲ್ಲ, ಸುಡುತ್ತದೆ. ನಾನು ಮೇ ತಿಂಗಳಲ್ಲಿ ಅರ್ಧ ಹಾಕಿದೆ, ಎಲೆ ಬಲಿತ ಮೇಲೆ ಪೂರ್ತಿ. ಬೆಳಿಗ್ಗೆ ಆರಕ್ಕೆ ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ತುತ್ತ, ಇನ್ನೊಂದರಲ್ಲಿ ಸುಣ್ಣ. ತುತ್ತ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟಿರುತ್ತೇನೆ, ಬೆಳಿಗ್ಗೆಗೆ ಪೂರ್ತಿ ಕರಗಿರುತ್ತದೆ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನ ಹೊಯ್ಯುತ್ತಾ ಕೋಲಿನಿಂದ ತಿರುಗಿಸಬೇಕು. ಬಣ್ಣ ಆಕಾಶದ ಹಾಗೆ ತಿಳಿ ನೀಲಿಗೆ ಬರುತ್ತದೆ. ಆಮೇಲೆ ಚೆನ್ನಾಗಿ ತಿಕ್ಕಿದ ಕುಡುಗೋಲನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಇಟ್ಟು ತೆಗೆಯುವುದು. ಕುಡುಗೋಲಿನ ಮೇಲೆ ಕೆಂಪು ಬಣ್ಣ ಹತ್ತಿದರೆ ತುತ್ತ ಜಾಸ್ತಿ, ಇನ್ನಷ್ಟು ಸುಣ್ಣ ಹಾಕಬೇಕು. ಹತ್ತದಿದ್ದರೆ ಸರಿ. ಮಾವನವರು ಇಷ್ಟು ವರ್ಷ ಇದನ್ನೇ ಮಾಡಿದ್ದಾರೆ, ನಾನೂ ಇದನ್ನೇ ಮಾಡುತ್ತೇನೆ. ಮಗ ಪಿಯುಸಿ. ಎಲ್ಲೋ ಓದಿ ಬಂದು ಹೇಳಿದ: ಫ್ರಾನ್ಸಿನಲ್ಲಿ ದಾರಿಹೋಕರು ಹಣ್ಣು ಕದಿಯಬಾರದು ಅಂತ ರಸ್ತೆ ಪಕ್ಕದ ಬಳ್ಳಿಗೆ ತುತ್ತ ಸುಣ್ಣ ಚಿಮುಕಿಸುತ್ತಿದ್ದರಂತೆ. ಆ ಸಾಲುಗಳಿಗೆ ಮಾತ್ರ ಡೌನಿ ಬಂದಿಲ್ಲ ಅಂತ ಮಿಲಾರ್ಡೆ ಅನ್ನುವ ಪ್ರೊಫೆಸರ್ ಗಮನಿಸಿದ್ದು 1880ರ ಸುಮಾರಿಗೆ. ಮಾವನವರಿಗೆ ಈ ಕಥೆ ಬಹಳ ಹಿಡಿಸಿತು. ಕಳ್ಳರ ದಯೆ ಅಂದರು.

ಈ ನೀಲಿ ನೀರನ್ನು ಬಟ್ಟೆಯಲ್ಲಿ ಎರಡು ಸಲ ಸೋಸದೆ ಟ್ಯಾಂಕ್‌ಗೆ ಹಾಕಬೇಡಿ. ಟ್ಯಾಂಕ್ ಬಾಯಿಗೆ ಜಾಲರಿ ಇದೆ, ಗನ್ ಹಿಡಿಕೆಯೊಳಗೆ ಇನ್ನೊಂದು ಸಣ್ಣ ಜಾಲರಿ ಇದೆ. ಎರಡೂ ಇದ್ದರೂ ಮೂರನೇ ದಿನ ನೋಝಲ್ ಕಟ್ಟಿತು. ಪಿನ್ನು ಚುಚ್ಚಿ ಬಿಡಿಸಬೇಡಿ, ತೂತು ದೊಡ್ಡದಾಗಿ ಹನಿ ದಪ್ಪ ಆಗುತ್ತದೆ. ನಾನು ಮಾಡಿದ್ದು ತಾಮ್ರದ ಬಿಂದಿಗೆ ತೊಳೆಯುವ ಉಪಾಯ. ಒಂದು ಬಟ್ಟಲು ಹುಣಸೆ ನೀರು, ಅದರಲ್ಲಿ ನೋಝಲ್, ಜಾಲರಿ ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಸುಣ್ಣವೆಲ್ಲ ಬಿಟ್ಟು ಹೊಸದರ ಹಾಗೆ. ಕೆಲಸ ಮುಗಿದ ಮೇಲೆ ಎರಡು ಸಲ ಬರೀ ನೀರು ತುಂಬಿ ಮೋಟರ್ ಓಡಿಸುವುದು ಕಡ್ಡಾಯ. ಸುಸ್ತಾಗಿರುತ್ತದೆ, ನಾಳೆ ತೊಳೆದರಾಯಿತು ಅನಿಸುತ್ತದೆ. ನಾಳೆಗೆ ಮೋಟರಿನೊಳಗೆ ಸುಣ್ಣ ಗಟ್ಟಿಯಾಗಿರುತ್ತದೆ.

ಬ್ಯಾಟರಿ. ಡಬ್ಬಿ ಮೇಲೆ "ಒಂದು ಚಾರ್ಜಿಗೆ 20 ಟ್ಯಾಂಕ್" ಅಂತ ಇತ್ತು. ಹೊಸದರಲ್ಲಿ ನನಗೂ 20 ಟ್ಯಾಂಕ್ ಬಂತು, ಆದರೆ ನನ್ನದು 12 ಲೀಟರ್ ಟ್ಯಾಂಕ್. ಅವರ ಲೆಕ್ಕದಲ್ಲಿ 15. ಒಂದು ಎಕರೆಗೆ ನನಗೆ ಬೇಕಾಗಿದ್ದೂ 20, ಹೇಗೋ ಸಾಕಾಯಿತು. ಜೂನ್ ಕೊನೆಗೆ 13ಕ್ಕೆ ಇಳಿದಿತ್ತು. ಪೂರ್ತಿ ಚಾರ್ಜ್ ಆಗಲು ಒಂದು ರಾತ್ರಿ ಬೇಕು. ಮಳೆಗಾಲದಲ್ಲಿ ತೋಟದ ಮನೆಯಲ್ಲಿ ಒಂದು ರಾತ್ರಿ ಪೂರ್ತಿ ಕರೆಂಟ್ ಇದ್ದದ್ದು ನನಗೆ ನೆನಪಿಲ್ಲ. ರೋಹಿಣಿ ಮಳೆಯಲ್ಲಿ ಗಿಡ ಬಿದ್ದು ಎರಡು ದಿನ ಲೈನ್ ಹೋಯಿತು. ಬೆಳಿಗ್ಗೆ ಬಿಸಿಲು ಬಿದ್ದಿತ್ತು, ಎಲೆ ಒಣಗಿತ್ತು, ಹೊಡೆಯಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ, ಬ್ಯಾಟರಿ ಮಾತ್ರ ಖಾಲಿ. ಊರೊಳಗಿನ ಹಿಟ್ಟಿನ ಗಿರಣಿಯಲ್ಲಿ ಚಾರ್ಜ್‌ಗೆ ಇಟ್ಟು ಬಂದೆ. ಮಧ್ಯಾಹ್ನ ತರುವಷ್ಟರಲ್ಲಿ ಮತ್ತೆ ಮೋಡ. ಅಂಗಡಿಯಲ್ಲಿ ಬ್ಯಾಟರಿ ಜೊತೆಗೆ ಕೈ ಗೂಟವೂ ಇರುವ ಟೂ ಇನ್ ಒನ್ ಇತ್ತು, 500 ರೂಪಾಯಿ ಜಾಸ್ತಿ. 500 ಉಳಿಸಿದೆ ಅಂತ ಬಸ್ಸಿನಲ್ಲಿ ಖುಷಿಪಟ್ಟಿದ್ದೆ. ನೀವು ಹಾಗೆ ಮಾಡಬೇಡಿ. ಮಳೆಯಲ್ಲಿ ಉಪಯೋಗಿಸಲು ತರುವವರು ಗೂಟ ಇರುವುದನ್ನೇ ತನ್ನಿ.

ಜುಲೈನಿಂದ ನೆಲ ಗಟ್ಟಿಯಾಗಿ ಬ್ಲೋವರ್ ಇಳಿಯಲು ಶುರುವಾಯಿತು. ಸ್ಪ್ರೇಯರ್ ತೊಳೆದು ಮನೂಕದ ಶೆಡ್ಡಿನ ಅಟ್ಟಕ್ಕೆ ಹಾಕಿದೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ತೆಗೆದರೆ ಬ್ಯಾಟರಿ ಸತ್ತುಹೋಗಿತ್ತು. ಚಾರ್ಜರಿನ ಹಸಿರು ದೀಪ ಐದು ನಿಮಿಷಕ್ಕೇ ಬರುತ್ತದೆ, ಮೋಟರ್ ಹಾಕಿದರೆ ಒಮ್ಮೆ ಕೆಮ್ಮಿ ನಿಲ್ಲುತ್ತದೆ. ಆರು ತಿಂಗಳ ವಾರಂಟಿ ಇತ್ತು. ಅಂಗಡಿಯವನು, "ಅಕ್ಕಾರ, ನೀವು ಚಾರ್ಜ್ ಮಾಡದ ಇಟ್ಟೀರಿ, ಇದಕ್ಕ ವಾರಂಟಿ ಇಲ್ಲ" ಅಂದ. ಸೀಸದ ಬ್ಯಾಟರಿ ಖಾಲಿ ಇಟ್ಟರೆ ಹಾಳಾಗುತ್ತದೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ತಪ್ಪು ನನ್ನದೇ. ಆದರೆ ಕೊಡುವಾಗ ಅದೇ ಬಾಯಿ ಈ ಮಾತು ಹೇಳಲಿಲ್ಲ. ಡಬ್ಬಿಯೊಳಗಿನ ಕಾಗದದಲ್ಲಿ ಇದೆಯಂತೆ, ಇಂಗ್ಲಿಷ್‌ನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಕನ್ನಡ ನಾಡಿನಲ್ಲಿ ರೈತರಿಗೆ ಮಾರುವ ವಸ್ತುವಿಗೆ ಒಂದು ಪುಟ ಕನ್ನಡ ಹಾಕಲು ಎಷ್ಟು ಖರ್ಚಾಗುತ್ತದೆ?

ಇನ್ನೊಂದು. ಈ ಸ್ಪ್ರೇಯರ್ ಅನ್ನು ಯಾರಿಗೂ ಎರವಲು ಕೊಡಬೇಡಿ. ಜೂನ್‌ನಲ್ಲಿ ಮೈದುನ ಬಂದ. "ವೈನಿ, ಒಂದ ದಿನ ಪಂಪ್ ಕೊಡ್ರಿ, ಗೋವಿನಜೋಳಕ್ಕ ಕಸದ ಎಣ್ಣಿ ಹೊಡಿಬೇಕು."

"ಬೇಕಾದ್ರ ನನ್ನ ಬೋರಮಾಳ ಒಯ್ಯಪ್ಪ, ಇದನ್ನ ಕೇಳಬ್ಯಾಡ" ಅಂದೆ.

ಅವನಿಗೆ ಬೇಜಾರಾಯಿತು. ಆದರೆ ಟು ಫೋರ್ ಡಿ ಕಳೆನಾಶಕ ಹಾಕಿದ ಟ್ಯಾಂಕ್ ಎಷ್ಟು ತೊಳೆದರೂ ಸ್ವಲ್ಪ ಉಳಿದಿರುತ್ತದೆ, ದ್ರಾಕ್ಷಿಗೆ ಆ ಸ್ವಲ್ಪವೇ ಸಾಕು. ಎಳೆ ಎಲೆ ಬೀಸಣಿಗೆಯ ಹಾಗೆ ಮುದುಡಿ, ನರ ಎಲ್ಲ ಒತ್ತಾಗಿ, ಕುಡಿ ಬೆಳೆಯುವುದೇ ನಿಲ್ಲುತ್ತದೆ. ಪಕ್ಕದ ಹೊಲದಿಂದ ಗಾಳಿಗೆ ತೇಲಿ ಬಂದರೂ ಹೀಗಾಗುತ್ತದೆ. ಕಳೆಗೆ ಬೇರೆ ಪಂಪ್ ಇಡಿ, ಅದಕ್ಕೆ ಕೆಂಪು ಬಣ್ಣ ಬಳಿಯಿರಿ.

ಹಾಗಾದರೆ ಇದರಿಂದ ಆದ ಉಪಯೋಗ ಏನು? ಮೇ 20ರಿಂದ ಜೂನ್ ಕೊನೆ ತನಕ ತಗ್ಗಿನ ಪಡಕ್ಕೆ ಒಂಬತ್ತು ಸಲ ಹೊಡೆದೆ. ಮಳೆ ಬಿಟ್ಟು ಎಲೆ ಒಣಗಿದ ಎರಡು ಮೂರು ಗಂಟೆಯಲ್ಲಿ ಅರ್ಧ ಎಕರೆ, ಮರುದಿನ ಇನ್ನರ್ಧ. ಒಮ್ಮೆ ಹೊಡೆದು ಮುಗಿಸಿದ ಅರ್ಧ ಗಂಟೆಗೆ ಜೋರು ಮಳೆ ಬಂದು ಎಲ್ಲ ತೊಳೆದುಕೊಂಡು ಹೋಯಿತು. ಬಾಗಿಲಲ್ಲಿ ಕೂತು ನೋಡಿದೆ, ಅಳು ಬಂತು. ಮೊದಲ ಐದು ದಿನ ಹೊಡೆಯದೆ ಬಿಟ್ಟಿದ್ದರಿಂದ ನಾಲ್ಕು ಸಾಲಿನಲ್ಲಿ ಡೌನಿ ಹೊಕ್ಕಿತ್ತು, ಕೆಳಗಿನ ಎಲೆ ಕಿತ್ತು ಹೊರಗೆ ಒಯ್ದು ಸುಟ್ಟೆವು. ಉಳಿದ ಪಡದಲ್ಲಿ ಎಲೆ ಸೆಪ್ಟೆಂಬರ್ ತನಕ ಗಟ್ಟಿಯಾಗಿ ನಿಂತಿತು. ಎಳೆ ಕುಡಿಯ ಮೇಲೆ ಕಪ್ಪು ಗುಳಿ ಬೀಳುವ ಕರ್ಪಾ ರೋಗ ಒಂದೆರಡು ಕಡೆ ಬಂದು ನಿಂತಿತು. ಕಡ್ಡಿ ಸಮ ಬಲಿತು ಕಂದು ಬಣ್ಣಕ್ಕೆ ತಿರುಗಿತು. ಬ್ಲೋವರ್ ನಂಬಿಕೊಂಡು ಕೂತಿದ್ದರೆ ಆ ಎಕರೆ ಜೂನ್‌ಗೇ ಬೋಳಾಗುತ್ತಿತ್ತು.

ಆದರೆ ಗೊನೆ? ಅಕ್ಟೋಬರ್‌ನಲ್ಲಿ ಚಾಟ್ನಿ ಆಗಿ ಕಣ್ಣು ಒಡೆದ ಮೇಲೆ ಎಣಿಸಿದೆ. ಹಿಂದಿನ ವರ್ಷ ಬಳ್ಳಿಗೆ 40ರ ಮೇಲೆ ಇದ್ದದ್ದು ಈ ಸಲ 22, 25. ಚೆನ್ನಾಗಿ ಹೊಡೆದ ಸಾಲಿನಲ್ಲೂ ಅಷ್ಟೇ, ಮಡ್ಡಿ ಮೇಲಿನ ಥಾಂಪ್ಸನ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಕುಡಿಯಲ್ಲಿ ಗೊನೆ ಬರಬೇಕಾದ ಜಾಗದಲ್ಲಿ ಬರೀ ಬಳ್ಳಿ ತಂತು ಸುತ್ತಿಕೊಂಡು ಬಂದಿತ್ತು. ಮೋಡ ಮಾಡಿದ ಕೆಲಸ ಅದು. ಆ ದಿನಗಳಲ್ಲಿ ಡ್ರಿಪ್ ಬಂದ್ ಮಾಡಿದ್ದೆವು, ಸಾರಜನಕ ನಿಲ್ಲಿಸಿದ್ದೆವು, ಕುಡಿ ಚಿವುಟಿದ್ದೆವು, ಬಗಲಿನ ಕುಡಿ ತೆಗೆಸಿ ಕಣ್ಣಿಗೆ ಬೆಳಕು ಬೀಳುವ ಹಾಗೆ ಮಾಡಿದ್ದೆವು, ಪೊಟ್ಯಾಷ್ ಕೊಟ್ಟಿದ್ದೆವು. ಮೇಲಿಂದ ನೀರು ಬೀಳುತ್ತಲೇ ಇದ್ದರೆ ಡ್ರಿಪ್ ಬಂದ್ ಮಾಡಿ ಏನು ಬಂತು, ಬಳ್ಳಿ ಸೊಕ್ಕಿ ಓಡಿತು. ಅಂಗಡಿಯವನು ಮಾರುವಾಗ "ಇದು ಇದ್ರ ಮಳಿಗೆ ಅಂಜೂದ ಬ್ಯಾಡ್ರಿ" ಅಂದಿದ್ದ. ಇದು ಎಲೆ ಉಳಿಸುತ್ತದೆ. ಬಿಸಿಲು ತರುವುದಿಲ್ಲ. ಇದನ್ನು ತಿಳಿದುಕೊಂಡು ತಂದರೆ ಬೇಜಾರಾಗುವುದಿಲ್ಲ. ಎಲೆಯೂ ಹೋಗಿದ್ದರೆ ಆ 22 ಗೊನೆಯಲ್ಲಿ ಸಕ್ಕರೆ ತುಂಬಲು ಕಡ್ಡಿಯಲ್ಲಿ ಶಕ್ತಿಯೇ ಇರುತ್ತಿರಲಿಲ್ಲ ಅಂತ ಮಾವನವರು ಹೇಳುತ್ತಾರೆ. ಅದು ನಿಜ ಇರಬಹುದು. ಗೊನೆ ಕಡಿಮೆ ಇದ್ದರೂ ಕಾಳು ದಪ್ಪ ಬಂತು, ಮನೂಕ ಬಣ್ಣ ಚೆನ್ನಾಗಿದೆ.

ಮಡ್ಡಿ, ಮರಳು ಮಣ್ಣಿನವರು, ಬ್ಲೋವರ್ ಇದ್ದವರು ಇದನ್ನು ತರಬೇಕಾಗಿಲ್ಲ. ಎರೆ ಭೂಮಿಯಲ್ಲಿ ಒಂದೂವರೆ ಎಕರೆ ತನಕ ಪಡ ಇರುವವರು ತನ್ನಿ, ಏಪ್ರಿಲ್ ಚಾಟ್ನಿಗೆ ಮೊದಲೇ ತನ್ನಿ. ನನ್ನ ಹಾಗೆ ಡೌನಿ ಬಂದ ಮೇಲೆ ಬಸ್ಸು ಹತ್ತಬೇಡಿ. ಎರಡು ಎಕರೆಗಿಂತ ಜಾಸ್ತಿ ಇದ್ದರೆ ಒಬ್ಬರ ಬೆನ್ನಿಗೆ ಆಗುವ ಕೆಲಸ ಅಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಬೆಲ್ಟ್‌ಗೆ ಒಂದು, ಕನ್ನಡ ಇಲ್ಲದ ಕಾಗದಕ್ಕೆ ಅರ್ಧ ಕಡಿತ.

ಹೊಸ ಬ್ಯಾಟರಿ ಹಾಕಿಸಿದ್ದೇನೆ, 1,450 ಆಯಿತು. ಇನ್ನು ಹದಿನೈದು ದಿನಕ್ಕೆ ಚಾಟ್ನಿ. ಕೌದಿ ಪಟ್ಟಿ ಬಿಚ್ಚಿ ಒಗೆದು ತಂತಿ ಮೇಲೆ ಹಾಕಿದ್ದೇನೆ, ನೀಲಿ ಕಲೆ ಮಾತ್ರ ಹೋಗಲಿಲ್ಲ.